ವೆನಿಸ್ ಊರೊಳಗೆ ಹೋಗೋಕೂ ದುಡ್ಡಾ? ಟೂರ್ ಮ್ಯಾನೇಜರ್ ಅವರನ್ನು ಕೇಳಿ

ಅಡ್ಮಿನ್: ಮೈಸೂರು ಪ್ರವಾಸಿ ಬಳಗದ ಈ ತಿಂಗಳ ಪ್ರಶ್ನೋತ್ತರ. ಈ 2025ರ ಬೇಸಿಗೆಯಲ್ಲಿ ಬಳಗದ ಹಲವು ಮನೆಯವರು ಯುರೋಪಿಗೆ ಹೊರಟಿದ್ದಾರೆ. ವೆನಿಸ್‌ಗೆ ಎಂಟ್ರಿ ಫೀಸ್ ಅಂತ ಎಲ್ಲರಿಗೂ ಗಾಬರಿ. ಉತ್ತರ ಕೊಡೋರು ಇಪ್ಪತ್ತು ವರ್ಷದಿಂದ ಗುಂಪು ಕರ್ಕೊಂಡು ಹೋಗ್ತಿರೋ ಟೂರ್ ಮ್ಯಾನೇಜರ್. ಫಾರ್ವರ್ಡ್ ಮೆಸೇಜ್ ಹಾಕಬೇಡಿ, ದಯವಿಟ್ಟು.

ಸರಸ್ವತಿಪುರಂ ಸದಸ್ಯೆ: ಸರ್, ತಲೆಗೆ ಎಷ್ಟು? ವರ್ಷಪೂರ್ತಿ ಇರುತ್ತಾ?

ಟೂರ್ ಮ್ಯಾನೇಜರ್: ವರ್ಷಪೂರ್ತಿ ಇಲ್ಲಮ್ಮ. ಈ ವರ್ಷ 54 ದಿನ. ಏಪ್ರಿಲ್ 18ರಿಂದ ಮೇ 4ರವರೆಗೆ ದಿನಾ ಇತ್ತು, ಆಮೇಲೆ ಜುಲೈ 27ರವರೆಗೆ ಶುಕ್ರ, ಶನಿ, ಭಾನುವಾರ, ಮಧ್ಯೆ ಜೂನ್ 2ರ ಸೋಮವಾರ ಒಂದು. ಬೆಳಿಗ್ಗೆ 8:30ರಿಂದ ಸಂಜೆ 4ರವರೆಗೆ. ನಾಲ್ಕು ದಿನ ಮೊದಲೇ ಕಟ್ಟಿದರೆ 5 ಯೂರೊ, ತಡ ಮಾಡಿದರೆ 10. ಬೆಳಿಗ್ಗೆ ಬಂದು ಸಂಜೆ ಹೊರಡೋರಿಗೆ ಮಾತ್ರ ಇದು. ವೆನಿಸ್‌ನಲ್ಲಿ ರಾತ್ರಿ ಉಳಿಯೋರು ಹೋಟೆಲ್‌ನಲ್ಲೇ ಪ್ರವಾಸಿ ತೆರಿಗೆ ಕೊಡ್ತಾರೆ, ಅವರಿಗೆ ಈ ಫೀಸ್ ಇಲ್ಲ.

ವಿಜಯನಗರ ಅಪ್ಪ: ಮಕ್ಕಳಿಗೆ?

ಟೂರ್ ಮ್ಯಾನೇಜರ್: 14 ವರ್ಷದೊಳಗೆ ಇಲ್ಲ.

ಕುವೆಂಪುನಗರ ಮೇಷ್ಟ್ರು: ನಮಸ್ಕಾರ. ನಾನೂ ನನ್ನಾಕೆಯೂ ಮ್ಯೂನಿಕ್‌ನಲ್ಲಿರೋ ಮಗಳ ಮನೆಗೆ ಹೋಗ್ತಿದ್ದೇವೆ. ಜುಲೈ 12, ಶನಿವಾರ ವೆನಿಸ್. ಅಳಿಯ ಎರಡು ರಾತ್ರಿಗೆ ಹೋಟೆಲ್ ಮಾಡಿದ್ದಾನೆ, ಹೆಸರಲ್ಲೇ ವೆನಿಸ್ ಇದೆ. 'ಅಲ್ಲೇ ಉಳಿಯೋದಲ್ವಾ ಮಾವ, ಏನೂ ಕಟ್ಟಬೇಕಿಲ್ಲ' ಅಂದ. ವಿಳಾಸದಲ್ಲಿ ಮಾತ್ರ 'ಮೊಗ್ಲಿಯಾನೊ ವೆನೆಟೊ' ಅಂತಿದೆ. ಹಿರಿಯ ನಾಗರಿಕರಿಗೆ ರಿಯಾಯಿತಿ ಉಂಟೆ?

ಟೂರ್ ಮ್ಯಾನೇಜರ್: ಮೇಷ್ಟ್ರೇ, ವಿಳಾಸ ನೋಡಿದ್ದು ಒಳ್ಳೇದಾಯ್ತು. ಬೋರ್ಡು ನೋಡಬೇಡಿ, ನಗರಸಭೆ ಯಾವುದು ನೋಡಿ. ಮೆಸ್ತ್ರೆ, ಮಾರ್ಗೆರಾ ನೀರಿನ ಈಚೆ ದಡದಲ್ಲಿದ್ದರೂ ವೆನಿಸ್ ನಗರಸಭೆಗೇ ಸೇರಿದವು. ಮೊಗ್ಲಿಯಾನೊ ಹಾಗಲ್ಲ, ಅದು ಟ್ರೆವಿಸೊ ಜಿಲ್ಲೆಯ ಬೇರೆ ಊರು. ಬೆಳಗೊಳದಲ್ಲಿ ಲಾಡ್ಜ್ ಕಟ್ಟಿ 'ಮೈಸೂರು' ಅಂತ ಹೆಸರಿಟ್ಟ ಹಾಗೆ. ಮೈಸೂರು ಕೂಗಳತೆ, ಜಿಲ್ಲೆ ಮಂಡ್ಯ. ಹಾಗಾಗಿ ನೀವು ಕಟ್ಟಲೇಬೇಕು. ವೆನಿಸ್ ಇರೋ ವೆನೆಟೊ ಪ್ರಾಂತ್ಯದವರಿಗೆ ವಿನಾಯಿತಿ ಇದೆ ಅಂತ ಯಾರಾದರೂ ಹೇಳಬಹುದು. ಅದು ಅಲ್ಲಿ ಮನೆ ಮಾಡ್ಕೊಂಡಿರೋರಿಗೆ, ಎರಡು ರಾತ್ರಿ ಮಲಗಿ ಎದ್ದವರಿಗಲ್ಲ. ವಯಸ್ಸಿನ ರಿಯಾಯಿತಿಯೂ ಇಲ್ಲ. ಇಬ್ಬರಿಗೂ ಸೇರಿ 10 ಯೂರೊ, ಜುಲೈ 8ರೊಳಗೆ ಕಟ್ಟಿ. ಹೋಟೆಲ್‌ನವರು ರಾತ್ರಿ ಲೆಕ್ಕದಲ್ಲಿ ತೆರಿಗೆ ಕೇಳಿದರೆ ಅದು ಆ ಊರಿನದು. ಅದನ್ನು ಕೊಟ್ಟೆ, ಇದು ಬೇಡ ಅನ್ನೋ ಹಾಗಿಲ್ಲ.

ನನಗೆ ಚಿಂತೆ ಇರೋದು ಕ್ಯೂಆರ್ ವಿಷಯದಲ್ಲೇ. ಪೂರ್ತಿ ವಿನಾಯಿತಿ ಇರೋರೂ, ಅಂದರೆ ಮೆಸ್ತ್ರೆಯಲ್ಲಿ ಉಳಿಯೋರೂ, ಆನ್‌ಲೈನ್‌ನಲ್ಲಿ ಹೆಸರು ಹಾಕಿ ಕ್ಯೂಆರ್ ತಗೋಬೇಕು. ಹೋದ ವರ್ಷ ನಮ್ಮ ಗುಂಪಿನ ಒಬ್ಬರು ಕ್ಯೂಆರ್ ಮಾಡಿಸಿದ್ದರು, ಆದರೆ ಅದು ಮೇಲ್‌ನಲ್ಲೇ ಇತ್ತು. ಸಾಂತಾ ಲೂಚಿಯಾ ಸ್ಟೇಷನ್ ಬಾಗಿಲು ದಾಟಿ ಮೆಟ್ಟಿಲಿಗೆ ಬಂದರೆ ಎದುರಿಗೇ ಕಾಲುವೆ, ಅಲ್ಲೇ ತಪಾಸಣೆಯವರು. ಇವರ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಬಿಸಿಲಲ್ಲಿ ನಿಂತು ಫೋನ್ ತಟ್ಟಿದ್ದೇ ತಟ್ಟಿದ್ದು, ಮೇಲ್ ತೆರೀಲೇ ಇಲ್ಲ. ದಂಡ 50ರಿಂದ 300 ಯೂರೊವರೆಗೆ ಇದೆ. ನಮ್ಮ ಪುಣ್ಯಕ್ಕೆ ಇನ್ನೊಬ್ಬರ ಫೋನಿನಲ್ಲಿ ಲಾಗಿನ್ ಆಗಿ ತೋರಿಸಿದೆವು. ಪ್ರಿಂಟ್ ಇಟ್ಟುಕೊಳ್ಳಿ.

ಕಟ್ಟಲೇಬಾರದು ಅಂದರೆ ನೆಟ್ಟಗಿನ ದಾರಿ ಒಂದಿದೆ: ಸಂಜೆ 4ರ ಮೇಲೆ ಹೋಗಿ. ಜುಲೈನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತೆ. ಆದರೆ ಸಂತ ಮಾರ್ಕನ ಚರ್ಚ್ ಐದರ ಸುಮಾರಿಗೆ ಮುಚ್ಚುತ್ತೆ, ಅದನ್ನು ಒಳಗೆ ಹೋಗಿ ನೋಡೋ ಆಸೆ ಇದ್ದರೆ ಈ ಉಪಾಯ ನಡೆಯಲ್ಲ.

ಹೆಬ್ಬಾಳ ಲೇಔಟ್: ಬಂದಿದ್ದು ಹಾಕ್ತಿದೀನಿ: 'ವೆನಿಸ್‌ನಲ್ಲಿ ಟ್ರಾನ್ಸಿಟ್ ಅಂತ ಹೇಳಿ, ಬಿಡ್ತಾರೆ. ಇಲ್ಲಾಂದ್ರೆ ಆಧಾರ್ ತೋರಿಸಿ, ಹತ್ತು ಜನಕ್ಕೆ ಕಳಿಸಿ.' ನಿಜಾನಾ ಸರ್?

ಟೂರ್ ಮ್ಯಾನೇಜರ್: ಆಧಾರ್! ಇಟಲಿಯಲ್ಲಿ! ಬಸ್ ನಿಲ್ಲೋ ಪಿಯಾತ್ಸಾಲೆ ರೋಮಾದಲ್ಲಿ ಇಳಿದು ಅಲ್ಲಿಂದಲೇ ಬೇರೆ ಕಡೆ ಹೋಗೋರಿಗೆ ಫೀಸ್ ಇಲ್ಲ, ಅಷ್ಟು ನಿಜ. ಸೇತುವೆ ದಾಟಿ ಊರೊಳಗೆ ಕಾಲಿಟ್ಟು ಟ್ರಾನ್ಸಿಟ್ ಅಂದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಇನ್ನೊಂದು, 'ಸರ್ವಿಸ್ ಚಾರ್ಜ್' ಸೇರಿಸಿ ಕ್ಯೂಆರ್ ಮಾಡಿಕೊಡೋ ಲಿಂಕ್ ತಿರುಗಾಡ್ತಿದೆ, ಮುಟ್ಟಬೇಡಿ. ನಗರಸಭೆಯ ಸೈಟ್ ಒಂದೇ: ಸಿಡಿಎ ಡಾಟ್ ವಿಇ ಡಾಟ್ ಐಟಿ.

ಅಗ್ರಹಾರದ ಹಳಬ: ಮೈಸೂರಿಗೂ ಇಂಥದ್ದು ಬೇಕು ಸ್ವಾಮಿ. ದಸರಾ ಹತ್ತು ದಿನ ಅರಸು ರಸ್ತೆ ದಾಟೋಕಾಗಲ್ಲ. ಹೊರಗಿನವರಿಗೆ ತಲೆಗೆ ನೂರು ರೂಪಾಯಿ ಹಾಕಲಿ.

ಮಂಡ್ಯ ಹೈದ: ನಾವೂ ಹೊರಗ್ನೋರಾ ಸಾ? ದಸರಾ ಸುರುವಾಗಿದ್ದೇ 1610ರಲ್ಲಿ ನಮ್ ಶ್ರೀರಂಗಪಟ್ಣದಲ್ಲಿ. ಆಮ್ಯಾಕೆ ನೀವು ತಕಂಡೋದ್ರಿ. ಈಗ ನೋಡಕ್ ಬಂದ್ರೆ ನೂರ್ ರೂಪಾಯಾ?

ಅಗ್ರಹಾರದ ಹಳಬ: ಇತಿಹಾಸ ಬೇರೆ, ಟ್ರಾಫಿಕ್ ಬೇರೆ.

ಮಂಡ್ಯ ಹೈದ: ಸರಿ ಬುಡಿ. ಕೆಆರ್‌ಎಸ್ಸೂ ಬೃಂದಾವನವೂ ಮಂಡ್ಯ ಜಿಲ್ಲೇದು. ಭಾನ್ವಾರ ನಿಮ್ ಕಾರ್ ಬಂದಾಗ ನಾವೂ ಹಗ್ಗ ಕಟ್ತೀವಿ. ಗಣಂಗೂರಲ್ಲಿ ಟೋಲು, ಇಲ್ಲಿ ಫೀಸು, ಮನೇಲೇ ಬಿದ್ದಿರ್ಬೇಕಾ ಬಡವ್ರು?

ಸರಸ್ವತಿಪುರಂ ಸದಸ್ಯೆ: ಪ್ರಶ್ನೆ ವೆನಿಸ್ ಬಗ್ಗೆ ಅಲ್ವಾ? ಸರ್, ಗೊಂಡೊಲಾ ಚೌಕಾಸಿ ಮಾಡಬಹುದಾ?

ಜಯಲಕ್ಷ್ಮಿಪುರಂ: ಹಳಬರು ಹೇಳಿದ್ದರಲ್ಲಿ ತಪ್ಪೇನು? ಅರಮನೆಗೆ ಟಿಕೆಟ್ ಇಲ್ವಾ?

ಟೂರ್ ಮ್ಯಾನೇಜರ್: ಅರಮನೆಗೆ, ದರಿಯಾ ದೌಲತ್‌ಗೆ ಕೊಡೋದು ಕಟ್ಟಡದ ಟಿಕೆಟ್. ನಮಗೊಂದು ದರ, ವಿದೇಶಿಯರಿಗೊಂದು. ವೆನಿಸ್‌ನಲ್ಲಿ ಊರಿಗೇ ಟಿಕೆಟ್, ರೋಮ್‌ನಿಂದ ಬಂದ ಇಟಲಿಯವನೂ ಕಟ್ಟಬೇಕು. ಅವರ ಕಷ್ಟ ಬೇರೆ: 1951ರಲ್ಲಿ ಆ ಹಳೇ ಊರಿನಲ್ಲಿ 1.70 ಲಕ್ಷಕ್ಕೂ ಹೆಚ್ಚು ಜನ ಇದ್ದರು, ಈಗ 50 ಸಾವಿರಕ್ಕಿಂತ ಕಡಿಮೆ. ಮನೆಗಳೆಲ್ಲ ಬಾಡಿಗೆ ರೂಮಾಗಿವೆ. ಮೈಸೂರು ಆ ಗತಿಗೆ ಬಂದಿಲ್ಲ.

ಜಯಲಕ್ಷ್ಮಿಪುರಂ: ಫೀಸ್ ಹಾಕಿದ ಮೇಲೆ ಅಲ್ಲಿ ಜನ ಕಡಿಮೆ ಆದರಾ?

ಮಂಡ್ಯ ಹೈದ: ದುಡ್ ಜಾಸ್ತಿ ಆಯ್ತು, ಇನ್ನೇನು.

ಟೂರ್ ಮ್ಯಾನೇಜರ್: ಹೋದ ವರ್ಷ 29 ದಿನಕ್ಕೆ ಸುಮಾರು 24 ಲಕ್ಷ ಯೂರೊ ಬಂತು. ಗುಂಪು ಕರಗಿದ್ದು ನನ್ನ ಕಣ್ಣಿಗಂತೂ ಕಾಣಲಿಲ್ಲ.

ಬೋಗಾದಿ: ಯುರೋಪಿಗೆ ಹೋಗೋಕೆ ಇಟಿಯಾಸ್ ಅಂತ ಇನ್ನೊಂದು ಆನ್‌ಲೈನ್ ಅನುಮತಿ ಬರ್ತಿದೆಯಂತೆ, ಅದಕ್ಕೂ ಕಟ್ಟಬೇಕಾ?

ಟೂರ್ ಮ್ಯಾನೇಜರ್: ಅದು ವೀಸಾ ಬೇಡದ ದೇಶದವರಿಗೆ. ನಮಗೆ ಶೆಂಗೆನ್ ವೀಸಾನೇ, 90 ಯೂರೊ.

ರಾಮಕೃಷ್ಣನಗರ: ಸರ್ ಮಕ್ಕಳಿಗೆ ಎಷ್ಟು?

ಟೂರ್ ಮ್ಯಾನೇಜರ್: ಮೇಲೆ ಇದೆ.

ಬೋಗಾದಿ: ಭೂತಾನ್‌ಗೆ?

ಟೂರ್ ಮ್ಯಾನೇಜರ್: ಭಾರತೀಯರಿಗೆ ರಾತ್ರಿಗೆ ₹1,200. ಇವತ್ತಿನ ವಿಷಯ ವೆನಿಸ್.

ಹೆಬ್ಬಾಳ ಲೇಔಟ್: ಇನ್ನೊಂದು ಫಾರ್ವರ್ಡ್ ಬಂದಿದೆ ಸರ್…

ಟೂರ್ ಮ್ಯಾನೇಜರ್: ಬೇಡ.

ಹೆಬ್ಬಾಳ ಲೇಔಟ್: ಕೇಳೋದೂ ತಪ್ಪಾ? ಗ್ರೂಪ್ ಇರೋದೇ ಯಾಕೆ?

ಅಡ್ಮಿನ್: ಸಮಾಧಾನ. ಹಳಬರೂ ಮಂಡ್ಯದವರೂ ಜಗಳ ಇನ್‌ಬಾಕ್ಸ್‌ನಲ್ಲಿ ಮಾಡ್ಕೊಳ್ಳಿ.

ಕುವೆಂಪುನಗರ ಮೇಷ್ಟ್ರು: ಸ್ವಾಮಿ, ಅಳಿಯ ಹೋಟೆಲ್ ಬದಲಿಸೋಕಾಗಲ್ಲ, ದುಡ್ಡು ವಾಪಸ್ ಬರಲ್ಲ ಅಂದ. ನನ್ನಾಕೆಗೆ ಚರ್ಚ್ ಒಳಗಿನ ಚಿನ್ನದ ಮೊಸಾಯಿಕ್ ನೋಡಲೇಬೇಕಂತೆ. ಹಾಗಾಗಿ ಕಟ್ಟಿಬಿಟ್ಟೆ. ಎರಡೆರಡು ಪ್ರಿಂಟ್ ತೆಗೆಸಿದೆ. ಜೆರಾಕ್ಸ್ ಅಂಗಡಿ ಹುಡುಗ 'ಇದ್ಯಾವ ಸಿನಿಮಾ ಟಿಕೆಟ್ ಸಾರ್?' ಅಂದ.

ಟೂರ್ ಮ್ಯಾನೇಜರ್: ಒಂದೊಂದು ಪ್ರತಿ ಅಮ್ಮನವರ ಬ್ಯಾಗಲ್ಲೂ ಇರಲಿ ಮೇಷ್ಟ್ರೇ. ಕ್ಯೂಆರ್ ಮೇಲೆ ಮಡಿಕೆ ಬೀಳದ ಹಾಗೆ ಮಡಚಿ.