ಕಿಡಿ ‘ಮುಂದೆ’ ಹೋದರೆ ಬೇಗವೋ ತಡವೋ?

ಗೆಳೆಯರೆ, ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಹಾಕಿದ ಕಾರಿನ ಟ್ಯೂನಿಂಗ್‌ನಲ್ಲಿ ದಿನವೂ ಬರುವ ಎರಡು ಮಾತು ‘ಅಡ್ವಾನ್ಸ್’ ಮತ್ತು ‘ರಿಟಾರ್ಡ್’. ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ಬೇಗ ಹಾರಿಸಿದರೆ ಅಡ್ವಾನ್ಸ್, ತಡವಾಗಿ ಹಾರಿಸಿದರೆ ರಿಟಾರ್ಡ್. ಇವಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ಚೆಂದದ ಪದ ಬೇಕಿಲ್ಲ. ಇಂಜಿನ್ ಸದ್ದಿನ ನಡುವೆ ಕೂಗಿ ಹೇಳಿದರೂ ಕೇಳಿದವರೆಲ್ಲ ಒಂದೇ ಅರ್ಥ ಮಾಡಿಕೊಳ್ಳುವ ಪದ ಬೇಕು.

ನಾನಿರುವುದು ಪುಣೆಯಲ್ಲಿ, ಕೆಲಸ ಭೋಸರಿ ಕಡೆಯ ಒಂದು ಗ್ಯಾರೇಜಿನಲ್ಲಿ. ಕಂಪನಿಯಿಂದ ಟರ್ಬೊ ಇಲ್ಲದೆ ಬಂದು, ಆಮೇಲೆ ಹೊರಗಡೆ ಟರ್ಬೊ ಕೂರಿಸಿಕೊಂಡ ಪೆಟ್ರೋಲ್ ಗಾಡಿಗಳು ನಮ್ಮಲ್ಲಿಗೆ ಬರುತ್ತವೆ. ಹೆಚ್ಚಿನವು ಟ್ರ್ಯಾಕಿನಲ್ಲಿ ಮಾತ್ರ ಓಡುವಂಥವು. ಕೆಲಸದ ಹುಡುಗರಲ್ಲಿ ವಿಜಯಪುರ, ಕಲಬುರಗಿ, ಅಥಣಿ ಕಡೆಯವರು ಜಾಸ್ತಿ. ಅವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗೋಡೆಗೆ ಯಾರೋ ಅಂಟಿಸಿದ್ದ ಹಳೆಯ ಚೀಟಿಯೊಂದರಲ್ಲಿ ‘ನಾಕಿಂಗ್ ಬಂದರೆ ಟೈಮಿಂಗ್ ಮುಂದೆ ಹಾಕಬೇಡ’ ಎಂದು ಬರೆದಿತ್ತು. ಹೊಸ ಹುಡುಗ ಅದನ್ನು ಓದಿ, ‘ಮುಂದ ಅಂದ್ರ ನಂಬರ್ ಏರಸೂದೋ, ಇಳಸೂದೋ?’ ಎಂದು ಕೇಳಿದ. ಪಕ್ಕದಲ್ಲಿದ್ದ ಇಬ್ಬರು ಒಂದಕ್ಕೊಂದು ವಿರುದ್ಧವಾದ ಉತ್ತರ ಕೊಟ್ಟರು. ತಮಾಷೆ ಏನಲ್ಲ, ಇಬ್ಬರದೂ ಸರಿಯಾದ ಕನ್ನಡವೇ.

ಹೇಗೆ ಅಂತ ನೋಡಿ. ‘ಮೀಟಿಂಗ್ ಮುಂದಕ್ಕೆ ಹೋಯಿತು’ ಅಂದರೆ ತಡವಾಯಿತು ಅಂತಲೇ ಅರ್ಥ. ‘ಮುಂದೂಡು’ ಅಂದರೂ ಅಷ್ಟೇ. ‘ಮುಂದೆ ನೋಡೋಣ’ ಅಂದರೆ ಈಗ ಬೇಡ, ಆಮೇಲೆ. ಈ ಲೆಕ್ಕದಲ್ಲಿ ಕಿಡಿ ಮುಂದೆ ಹೋಯಿತು ಅಂದರೆ ತಡವಾಗಿ ಹಾರಿತು. ಮರಾಠಿಯೂ ನೆರವಿಗೆ ಬರುವುದಿಲ್ಲ. ‘ಪುಢೆ ಢಕಲಣೆ’ ಅಂದರೂ ಮುಂದೂಡುವುದೇ. ಆದರೆ ‘ಅಡ್ವಾನ್ಸ್’ ಅಂದರೆ ಇದಕ್ಕೆ ತೀರಾ ಉಲ್ಟಾ: ಕಿಡಿ ಬೇಗ ಹಾರಬೇಕು. ಮೆಕ್ಯಾನಿಕ್ ಬಾಯಲ್ಲಿ ‘ಮುಂದೆ ಹಾಕು’ ಅಂದರೂ ಇದೇ ಅರ್ಥ.

ಇದರಿಂದ ಏನು ಕೆಡುತ್ತದೆ ಅಂತ ಇಂಜಿನ್ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರುತ್ತದೆ. ಎಷ್ಟು ಮೊದಲು ಅನ್ನುವುದನ್ನು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ತಿರುಗುವ ಡಿಗ್ರಿಯಲ್ಲಿ ಅಳೆಯುತ್ತಾರೆ. ನಿಮಿಷಕ್ಕೆ 6000 ಸುತ್ತು ತಿರುಗುವ ಇಂಜಿನ್‌ನಲ್ಲಿ 20 ಡಿಗ್ರಿ ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಅರ್ಧಕ್ಕಿಂತ ಚೂರು ಜಾಸ್ತಿ ಹೊತ್ತು, ಅಷ್ಟೇ. ಟರ್ಬೊ ಗಾಳಿಯನ್ನು ಒತ್ತಿ ತುಂಬಿದಾಗ ಒಳಗೆ ಗಾಳಿಯೂ ಪೆಟ್ರೋಲೂ ಜಾಸ್ತಿ, ಬಿಸಿಯೂ ಜಾಸ್ತಿ, ಉರಿಯುವುದೂ ಬೇಗ. ಹಾಗಾಗಿ ಟರ್ಬೊ ಇಲ್ಲದಾಗ ಇದ್ದ ಹೊತ್ತಿಗೇ ಕಿಡಿ ಹಾರಿಸಿದರೆ ಬೇಗವಾಗಿಬಿಡುತ್ತದೆ. ಉರಿ ಇನ್ನೂ ಮುಟ್ಟದ ಮೂಲೆಯ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಅದೇ ನಾಕಿಂಗ್. ಒಂದು ಪಿಎಸ್‌ಐ ಬೂಸ್ಟಿಗೆ (ಟರ್ಬೊ ತುಂಬುವ ಗಾಳಿಯ ಒತ್ತಡ; ಪಿಎಸ್‌ಐ ಅದರ ಅಳತೆ) ಸುಮಾರು ಒಂದು ಡಿಗ್ರಿ ತಡ ಮಾಡಬೇಕು ಅನ್ನುವುದು ಹೊರಗಿನಿಂದ ಟರ್ಬೊ ಕೂರಿಸುವವರ ಹಳೆಯ ಅಂದಾಜು. ಶುರು ಮಾಡಲು ಅದು ಸಾಕು, ಮುಗಿಸಲು ಸಾಲದು. ಪೆಟ್ರೋಲ್ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಶಕ್ತಿಯ ಅಂಕಿ ಆಕ್ಟೇನ್. ಅದು ಜಾಸ್ತಿ ಇರುವ ಪೆಟ್ರೋಲ್ ಹಾಕಿದರೆ ನಾಕಿಂಗ್ ಶುರುವಾಗುವ ಅಂಚು ಸ್ವಲ್ಪ ದೂರ ಸರಿಯುತ್ತದೆ.

ಈಗ ‘ಮುಂದೆ’ಯನ್ನು ಒಬ್ಬ ತಪ್ಪು ತಿಳಿದು 14 ಇರಬೇಕಾದ ಕಡೆ 20 ಹಾಕಿದ ಅಂದುಕೊಳ್ಳಿ. ಘಾಟಿ ಹತ್ತಿಸುವಾಗ, ಬೂಸ್ಟ್ ಪೂರ್ತಿ ಬಂದಾಗ, ಪಿಸ್ಟನ್ ಮೇಲೆ ಪೆಟ್ಟು ಬೀಳಲು ಶುರುವಾಗುತ್ತದೆ. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಲೆನ್ಸ್ ಹಿಡಿದು ನೋಡಿದರೆ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಬೂದು ಚುಕ್ಕೆ ಕಾಣುತ್ತವೆ, ಸೂಜಿಮೊನೆಗಿಂತ ಚಿಕ್ಕವು. ಬೆಳಕಿಗೆ ಹಿಡಿದರೆ ಹೊಳೆಯುತ್ತವೆ. ಅದು ಮಸಿಯಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ. ಪಿಸ್ಟನ್ ಕರಗಿ ಹಾರಿ ಬಂದು ಅಲ್ಲಿ ಕೂತಿದೆ. ಇನ್ನೂ ಹಾಗೇ ಓಡಿಸಿದರೆ ಪಿಸ್ಟನ್ ಸುತ್ತಲಿನ ರಿಂಗುಗಳ ನಡುವಿನ ಏಣು ಮುರಿಯುತ್ತದೆ, ಒಂದು ಸಿಲಿಂಡರಿನ ಕಂಪ್ರೆಷನ್ (ಗಾಳಿ ಒತ್ತಿ ಹಿಡಿಯುವ ಶಕ್ತಿ) ಹೋಗುತ್ತದೆ. ಹಾಗಂತ ಸುಮ್ನೆ ಎಲ್ಲವನ್ನೂ ತಡ ಮಾಡಿ ಕೂರುವಂತಿಲ್ಲ. ಕಿಡಿ ತೀರಾ ತಡವಾದರೆ ಉರಿ ಎಕ್ಸಾಸ್ಟಿಗೆ ದಾಟುತ್ತದೆ, ಅಲ್ಲಿನ ಮ್ಯಾನಿಫೋಲ್ಡ್ ಪೈಪು ಕೆಂಪಗೆ ಕಾಯುತ್ತದೆ, ಟರ್ಬೊಗೂ ಕೇಡು. ಅದಕ್ಕೇ ಇಲ್ಲಿ ಎರಡರ್ಥದ ಪದ ಇರಲೇಬಾರದು ಅಂತ ನಾನು ಹಟ ಹಿಡಿದಿರುವುದು.

‘ಪದವೇ ಬೇಡ, ನಂಬರ್ ಏರಿಸು, ಇಳಿಸು ಅಂದರೆ ಸಾಲದೇ?’ ಎಂದು ಕೇಳಬಹುದು. ಟೈಮಿಂಗ್ ಒಂದೇ ಆಗಿದ್ದರೆ ಸಾಲುತ್ತಿತ್ತು. ಅಲ್ಲಿ ನಂಬರ್ ಏರಿದರೆ ಕಿಡಿ ಬೇಗ. ಆದರೆ ಟ್ಯೂನಿಂಗ್ ಮಾಡುವ ಕಂಪ್ಯೂಟರಿನ ಅದೇ ಪರದೆಯಲ್ಲಿ ಪಕ್ಕದ ಕೋಷ್ಟಕ ಗಾಳಿ-ಪೆಟ್ರೋಲ್ ಪ್ರಮಾಣದ್ದು. ಬರೀ ಪೆಟ್ರೋಲಾದರೆ ತೂಕದಲ್ಲಿ 1 ಪಾಲು ಪೂರ್ತಿ ಉರಿಯಲು 14.7 ಪಾಲು ಗಾಳಿ ಸರಿಯಾಗುತ್ತದೆ. ಪೂರ್ತಿ ಬೂಸ್ಟಿನಲ್ಲಿ ಅದನ್ನು 12ಕ್ಕೋ 11.5ಕ್ಕೋ ತರುತ್ತೇವೆ. ನಂಬರ್ ಇಳಿಯಿತು, ಪೆಟ್ರೋಲ್ ಏರಿತು. ‘ಇಳಿಸು’ ಅಂತ ಕೂಗಿದರೆ ಯಾವುದನ್ನು? ಲೀನ್, ರಿಚ್ ಎಂಬುದಕ್ಕೆ ‘ತೆಳು’, ‘ದಟ್ಟ’ ಎಂದು ಬರೆಯುವುದನ್ನೂ ನಾನು ಬಿಟ್ಟಿದ್ದೇನೆ. ‘ಪೆಟ್ರೋಲ್ ಕಮ್ಮಿ’, ‘ಪೆಟ್ರೋಲ್ ಜಾಸ್ತಿ’ ಅಂದರೆ ಯಾರೂ ತಪ್ಪುವುದಿಲ್ಲ.

ಕಿಡಿಗೂ ಹಾಗೆಯೇ ನೇರವಾಗಿ ‘ಬೇಗ’, ‘ತಡ’ ಅನ್ನಬಹುದು. ನಮ್ಮ ಹುಡುಗರ ಬಾಯಲ್ಲಿ ‘ಲಗೂ’. ‘ಕಿಡಿ ಎರಡು ಡಿಗ್ರಿ ಲಗೂ ಮಾಡು’ ಅಂದರೆ ಸಂಶಯವೇ ಇಲ್ಲ. ಆದರೆ ‘ಲಗೂ’ ಮೈಸೂರು ಕಡೆಯವರಿಗೆ ಹಿಡಿಸಲಿಕ್ಕಿಲ್ಲ. ಇನ್ನು ‘ಬೇಗ’ ಎಂಬುದಕ್ಕೆ ಮುಂಚೆ ಅನ್ನುವ ಅರ್ಥವೂ ಇದೆ, ವೇಗವಾಗಿ ಅನ್ನುವ ಅರ್ಥವೂ ಇದೆ. ಉರಿಯ ವೇಗದ ಮಾತೂ ಇದೇ ಪುಟದಲ್ಲಿ ಬರುತ್ತದಲ್ವಾ, ಅಲ್ಲಿ ಗೊಂದಲ.

ನನಗೆ ಹೊಳೆದದ್ದು ಇನ್ನೊಂದು. ಮುಂಗಾರು, ಹಿಂಗಾರು. ಮೊದಲು ಬರುವ ಮಳೆ ಮುಂಗಾರು, ಆಮೇಲಿನದು ಹಿಂಗಾರು. ಇಲ್ಲಿ ‘ಮುನ್’ ಅಂದರೆ ಬೇಗ, ‘ಹಿನ್’ ಅಂದರೆ ತಡ. ‘ಮುಂದೂಡು’ವಿಗೆ ಪೂರ್ತಿ ವಿರುದ್ಧ. ‘ಮುಂಗಡ’ವೂ ಹೀಗೇ, ಹೊತ್ತಿಗೆ ಮೊದಲೇ ಕೊಡುವ ದುಡ್ಡು. ‘ಮುಂಜಾನೆ’, ‘ಮುಂಚೆ’, ‘ಮುನ್ನ’ ಎಲ್ಲವೂ ಈ ಕಡೆಯವೇ. ಒಂದರ ಹಿಂದೆ ಒಂದು ಸಾಲಾಗಿ ಬರುವುದನ್ನು ನಿಂತು ನೋಡಿದರೆ ಮುಂದಿರುವುದು ಮೊದಲು ತಲುಪುತ್ತದೆ. ನಾವೇ ನಡೆದು ಹೋಗುವವರಾದರೆ ಮುಂದಿರುವುದು ಇನ್ನೂ ಬರಬೇಕಾದ್ದು, ‘ಮುಂದಿನ ವಾರ’ದ ಹಾಗೆ. ಎರಡು ನೋಟವೂ ಕನ್ನಡದಲ್ಲಿ ಒಟ್ಟಿಗೇ ಬಾಳಿಕೊಂಡು ಬಂದಿವೆ. ಇದು ನನಗೆ ತುಂಬ ಇಷ್ಟವಾದ ಸಂಗತಿ.

ಹಾಗಾದರೆ ಮುಂಗಾರಿನ ಅಚ್ಚಿನಲ್ಲೇ ‘ಮುಂಗಿಡಿ’, ‘ಹಿಂಗಿಡಿ’ ಎನ್ನಬಹುದೇ? ‘ಮೂರು ಡಿಗ್ರಿ ಹಿಂಗಿಡಿ ಮಾಡು’. ವಿಜಯಪುರದ ಹುಡುಗರು ಹಿಂಗಾರಿ ಜೋಳ ಬಿತ್ತುವ ಮನೆಗಳಿಂದ ಬಂದವರು. ಹೇಳಿ ನೋಡಿದೆ, ಯಾರೂ ಅರ್ಥ ಕೇಳಲಿಲ್ಲ. ಒಂದು ಅಡ್ಡಿ ಮಾತ್ರ ಇದೆ. ‘ಮುಂಬರುವ’ ಎಂಬಲ್ಲಿ ಅದೇ ‘ಮುನ್’ ಇನ್ನೂ ಬರಬೇಕಾದ್ದನ್ನು ಹೇಳುತ್ತದೆ. ಅಂದರೆ ಸಮಾಸದಲ್ಲಿ ‘ಮುನ್’ ಯಾವಾಗಲೂ ‘ಬೇಗ’ವೇ ಅನ್ನುವ ಹಾಗಿಲ್ಲ. ವ್ಯಾಕರಣ ಬಲ್ಲವರು ಇದಕ್ಕೆ ಏನು ಹೇಳುತ್ತೀರಿ? ‘ಮುನ್’ ಆದಮೇಲೆ ಬರುವುದು ನಾಮಪದವೋ ಕ್ರಿಯಾಪದವೋ ಎಂಬುದರ ಮೇಲೆ ಅರ್ಥ ಬದಲಾಗುತ್ತದೆಯೇ?

ಇದರ ಜೊತೆಗೇ ಇನ್ನೆರಡು ಚಿಕ್ಕ ಪ್ರಶ್ನೆ. ‘ನಾಕಿಂಗ್’ ಅಂತ ಮೆಕ್ಯಾನಿಕ್‌ಗಳು ಎರಡಕ್ಕೂ ಹೇಳುತ್ತಾರೆ: ಮೇಲೆ ಹೇಳಿದ ಸಿಡಿತಕ್ಕೂ, ಸವೆದ ಬೇರಿಂಗಿನ ಸದ್ದಿಗೂ. ಮೊದಲನೆಯದು ಎತ್ತರದ ಕಟಕಟ ಸದ್ದು, ಆಕ್ಸಿಲರೇಟರ್ ಒತ್ತಿದಾಗ ಬರುವಂಥದು. ಎರಡನೆಯದು ಕೆಳಗಿನಿಂದ ಬರುವ ದಪ್ಪ ಸದ್ದು. ‘ಸಿಡಿತ’, ‘ಬಡಿತ’ ಎಂದು ಬೇರೆ ಮಾಡಿದ್ದೇನೆ. ಸರಿಯಾ? ಮತ್ತೆ ಟರ್ಬೊ ವೇಗ ಪಡೆಯುವುದಕ್ಕೆ ಹುಡುಗರು ‘ಟರ್ಬೊ ಎದ್ದಿತು’ ಅನ್ನುತ್ತಾರೆ. ಅದನ್ನು ಹಾಗೇ ಇಟ್ಟಿದ್ದೇನೆ. ಲ್ಯಾಗ್ ಅಂದರೆ ‘ಏಳುವುದು ತಡ’. ಗಾಡಿ ‘ಎಳೆಯುತ್ತಿಲ್ಲ’ ಅನ್ನುವುದೇ ಬೇರೆ. ಟರ್ಬೊ ಎದ್ದರೂ ಪೈಪಿನ ಕ್ಲಾಂಪ್ ಹತ್ತಿರ ಹವಾ ಸೋರುತ್ತಿದ್ದರೆ ಎಳೆಯುವುದಿಲ್ಲ. ಸೋಪಿನ ನೀರು ಹಾಕಿ ಹೊರಗಿನಿಂದ ಗಾಳಿ ತುಂಬಿದರೆ ಅಲ್ಲಿ ಗುಳ್ಳೆ ಏಳುತ್ತದೆ. ಇವೆರಡನ್ನೂ ಗಿರಾಕಿಗಳು ‘ಲ್ಯಾಗ್’ ಅಂತಲೇ ಬರೆಸುತ್ತಾರೆ, ನಾವು ಇಲ್ಲದ ಕಡೆ ಹುಡುಕುತ್ತೇವೆ.

ಕೊನೆಗೆ ಒಂದು ಕೋರಿಕೆ, ವಿಶೇಷವಾಗಿ ಹಿರಿಯರಲ್ಲಿ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಮೆಕ್ಯಾನಿಕ್ ‘ಡೆಲ್ಕೋ’ವನ್ನು (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಕೈಯಲ್ಲೇ ಚೂರು ತಿರುಗಿಸಿ ಟೈಮಿಂಗ್ ಕೂರಿಸುತ್ತಿದ್ದ. ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನ ಗ್ಯಾರೇಜುಗಳಲ್ಲಿ ಆಗ ಶಿಷ್ಯನಿಗೆ ಏನಂತ ಹೇಳುತ್ತಿದ್ದರು? ಆ ಕಡೆ, ಈ ಕಡೆ ಎನ್ನುವುದಕ್ಕಿಂತ ಹೆಚ್ಚಿನ ಪದ ಯಾರ ಕಿವಿಗಾದರೂ ಬಿದ್ದಿದ್ದರೆ, ಊರಿನ ಹೆಸರಿನ ಸಮೇತ ದಯವಿಟ್ಟು ಬರೆಯಿರಿ. ಅಂಥ ಪದ ಸಿಕ್ಕರೆ ನನ್ನ ಮುಂಗಿಡಿ, ಹಿಂಗಿಡಿಗಳನ್ನು ಬಿಟ್ಟು ಅದನ್ನೇ ಕೈಪಿಡಿಗೆ ಹಾಕುತ್ತೇನೆ.