ಪಾಸಿಫಿಕಾ ಮಕ್ಕಳ ಕಲಿಕೆ: ಆಕ್ಲೆಂಡ್‌ನ ತರಗತಿಗಳಿಂದ ಕೆಲವು ಅನುಭವಗಳು

ಕೇಳಿದವರು:
ಶಿವಮೊಗ್ಗದಲ್ಲಿ ಗಣಿತ ಕಲಿಸುತ್ತಿದ್ದ ನಾನು ಈ ವರ್ಷ ದಕ್ಷಿಣ ಆಕ್ಲೆಂಡ್‌ನ ಪ್ರೌಢಶಾಲೆಯೊಂದನ್ನು ಸೇರಿದ್ದೇನೆ. ನನ್ನ ತರಗತಿಯ ಬಹುಪಾಲು ಮಕ್ಕಳು ಸಮೋವಾ, ಟೋಂಗಾ, ಕುಕ್ ದ್ವೀಪಗಳಂಥ ಪೆಸಿಫಿಕ್ ದ್ವೀಪಗಳ ಮೂಲದವರು, ಅಂದರೆ ಇಲ್ಲಿ ‘ಪಾಸಿಫಿಕಾ’ ಎಂದು ಕರೆಯಲಾಗುವವರು. ಗದ್ದಲವಿಲ್ಲದೆ ಪಾಠ ಕೇಳುತ್ತಾರೆ. ಆದರೆ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ, ಹೋಂವರ್ಕ್ ಅರ್ಧಕ್ಕೇ ನಿಂತಿರುತ್ತದೆ, ಪೋಷಕರ ಸಭೆಗೆ ಬಂದವರು ಬೆರಳೆಣಿಕೆಯಷ್ಟು. ಇವರ ಫಲಿತಾಂಶ ಉತ್ತಮಗೊಳ್ಳಲು ನಿಮಗೆ ಯಾವುದು ನೆರವಾಯಿತು?

ಮಾಂಗೆರೆಯ ಗಣಿತ ಶಿಕ್ಷಕಿ:
ತಲೆ ತಗ್ಗಿಸಿದ್ದನ್ನು ಅರ್ಥವಾಗದ ಲಕ್ಷಣವೆಂದು ತಿಳಿಯಬೇಡಿ. ಹಿರಿಯರಿಗೆ ಎದುರಾಡದಿರುವುದು, ಅವರ ಕಣ್ಣನ್ನು ದಿಟ್ಟಿಸದಿರುವುದು ಈ ಮನೆಗಳಲ್ಲಿ ಮರ್ಯಾದೆಯ ನಡೆ. ನಮ್ಮ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರೆದುರು ಒಬ್ಬರನ್ನೇ ಎಬ್ಬಿಸಿ ಉತ್ತರ ಕೇಳುವ ಪದ್ಧತಿಯನ್ನು ನಾನು ಕೈಬಿಟ್ಟಿದ್ದೇನೆ. ಮ್ಯಾಸ್ಸಿ ವಿಶ್ವವಿದ್ಯಾಲಯದ ಪ್ರೊ. ಬಾಬಿ ಹಂಟರ್ ಅವರು, ತಾವೇ ಕುಕ್ ದ್ವೀಪಗಳ ಮೂಲದವರು, ರೂಪಿಸಿದ ಗಣಿತ ಬೋಧನಾ ಕ್ರಮವನ್ನು ಅನುಸರಿಸುತ್ತೇನೆ. ಅದರಲ್ಲಿ ಜಾಣರು, ಹಿಂದುಳಿದವರು ಎಂದು ಬೇರ್ಪಡಿಸದೆ ಮಾಡಿದ ಪುಟ್ಟ ಗುಂಪಿಗೆ ಒಂದೇ ಒಂದು ಕಠಿಣ ಸಮಸ್ಯೆಯನ್ನು ಕೊಡಲಾಗುತ್ತದೆ, ಮತ್ತು ಗುಂಪಿನ ಯಾರನ್ನು ಕೇಳಿದರೂ ಆ ಪರಿಹಾರವನ್ನು ವಿವರಿಸುವಂತಾಗಬೇಕೆಂಬುದು ಎಲ್ಲರ ಹೊಣೆಯಾಗಿರುತ್ತದೆ. ಮನೆಮಂದಿಯೆಲ್ಲ ಸೇರಿ ಕೆಲಸ ಮಾಡುವುದನ್ನು ನೋಡಿ ಬೆಳೆದ ಮಕ್ಕಳು ಇಲ್ಲಿ ಬಾಯಿ ಬಿಡುತ್ತಾರೆ. ಕುಕ್ ದ್ವೀಪಗಳ ತಿವೈವೈ ಕೌದಿಯಲ್ಲಿ ಹೂವಿನ ವಿನ್ಯಾಸ ಹೇಗೆ ಬೆಳೆಯುತ್ತದೆಂಬುದರಿಂದ ಬೀಜಗಣಿತವನ್ನು ಆರಂಭಿಸಿದಾಗ, ಅಜ್ಜಿ ಕೌದಿ ಹೊಲಿಯುವುದನ್ನು ಕಂಡವರು ಉಳಿದವರಿಗೆ ವಿವರಿಸತೊಡಗಿದರು. ಆದರೆ ಸಂಸ್ಕೃತಿಯ ಹೆಸರಿನಲ್ಲಿ ಲೆಕ್ಕವನ್ನು ಸುಲಭಗೊಳಿಸಬಾರದು. ಕರುಣೆಯಿಂದ ಮಟ್ಟ ಇಳಿಸುವ ಶಿಕ್ಷಕರಿಂದಲೇ ಈ ಮಕ್ಕಳಿಗೆ ಹೆಚ್ಚು ನಷ್ಟವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರುಗಳನ್ನು ಮೊದಲ ವಾರದಲ್ಲೇ ಸರಿಯಾಗಿ ಉಚ್ಚರಿಸಲು ಕಲಿಯಿರಿ. ಮಾರ್ಚ್‌ನಲ್ಲಿ ಪ್ರೌಢಶಾಲಾ ತಂಡಗಳ ನೃತ್ಯ-ಸಂಗೀತ ಉತ್ಸವವಾದ ಪಾಲಿಫೆಸ್ಟ್ ನಡೆಯುವಾಗ ಕಿರುಪರೀಕ್ಷೆಗಳನ್ನು ಇಟ್ಟುಕೊಳ್ಳಬೇಡಿ. 1976ರಲ್ಲಿ ಓಟಾರಾದ ಹಿಲರಿ ಕಾಲೇಜಿನಲ್ಲಿ ಆರಂಭವಾದ ಆ ಉತ್ಸವಕ್ಕೆ ಇಡೀ ತಂಡವನ್ನು ಪಳಗಿಸುವ ಹುಡುಗಿಯೇ ನಿಮ್ಮ ತರಗತಿಯಲ್ಲಿ ಮಾತಿಲ್ಲದೆ ಕುಳಿತಿರಬಹುದು.

ಹಿರಿಯ ತರಗತಿಗಳ ಮೇಲ್ವಿಚಾರಕರು:
ಬೋಧನೆಯ ವಿಷಯದಲ್ಲಿ ಮಾಂಗೆರೆಯ ಶಿಕ್ಷಕಿಯ ಮಾತನ್ನು ಒಪ್ಪುತ್ತೇನೆ. ಆದರೆ ಅನೇಕ ಮಕ್ಕಳ ದಾರಿ ಮುಚ್ಚಿಹೋಗುವುದು ತರಗತಿಯಲ್ಲಲ್ಲ, ವಿಷಯ ಆಯ್ಕೆಯ ಹಾಳೆಯಲ್ಲಿ. ಪ್ರೌಢಶಾಲೆಯ ಕೊನೆಯ ವರ್ಷಗಳ ರಾಷ್ಟ್ರೀಯ ಪ್ರಮಾಣಪತ್ರಕ್ಕಾಗಿ 2002ರಿಂದ ಜಾರಿಯಲ್ಲಿರುವ ಎನ್‌ಸಿಇಎ ವ್ಯವಸ್ಥೆಯಲ್ಲಿ ಕ್ರೆಡಿಟ್‌ಗಳನ್ನು ಎಲ್ಲೆಲ್ಲಿಂದಲೋ ಕೂಡಿಸಿ ಪ್ರಮಾಣಪತ್ರ ಪಡೆಯಬಹುದು. ವಿಶ್ವವಿದ್ಯಾಲಯ ಪ್ರವೇಶಕ್ಕೆ ಅಷ್ಟು ಸಾಲದು: ಅದರ ಮೂರನೇ, ಅಂದರೆ ಕೊನೆಯ ಹಂತ ಮುಗಿಸಿರಬೇಕು, ಅನುಮೋದಿತ ಮೂರು ವಿಷಯಗಳಲ್ಲಿ ತಲಾ 14 ಕ್ರೆಡಿಟ್ ಇರಬೇಕು, ಸಾಕ್ಷರತೆ ಮತ್ತು ಸಂಖ್ಯಾಜ್ಞಾನದಲ್ಲಿ ತಲಾ 10 ಬೇಕು. ಶಾಲೆಯ ಹತ್ತನೇ ವರ್ಷದ (ಇಯರ್ 10) ಕೊನೆಯಲ್ಲಿ ಬೀಜಗಣಿತವಿಲ್ಲದ ಸುಲಭ ಗಣಿತಕ್ಕೆ ಸೇರಿದ ಮಗುವಿಗೆ ಮುಂದೆ ಕಲನಶಾಸ್ತ್ರವೂ ಎಂಜಿನಿಯರಿಂಗ್ ಪದವಿಯೂ ಕೈಗೆಟುಕುವುದಿಲ್ಲ. ‘ಮಗಳು ಪಾಸಾಗುತ್ತಿದ್ದಾಳೆ’ ಎಂದು ನಂಬಿದ ತಾಯಿಗೆ ಇದು ತಿಳಿಯುವುದು ತೀರ ತಡವಾಗಿ. ಆಕ್ಲೆಂಡ್ ವಿಶ್ವವಿದ್ಯಾಲಯದ ಸ್ಟಾರ್‌ಪಾತ್ ಯೋಜನೆ ಈ ಸಮಸ್ಯೆಯನ್ನು ಎತ್ತಿ ತೋರಿಸಿ, ಪ್ರತಿ ವಿದ್ಯಾರ್ಥಿಯ ಅಂಕಗಳನ್ನು ಮುಂದಿಟ್ಟುಕೊಂಡು ಕುಟುಂಬದೊಂದಿಗೆ ಮಾತನಾಡುವ ಕ್ರಮವನ್ನು ಶಾಲೆಗಳಿಗೆ ಕಲಿಸಿತು. ನಮ್ಮಲ್ಲಿಯೂ ಐದು ನಿಮಿಷದ ಸಾಲುಸಭೆಯನ್ನು ಬಿಟ್ಟು, ಕುಳಿತು ಮಾತನಾಡುವಷ್ಟು ಸಮಯ ಕೊಟ್ಟ ಮೇಲೆ ತಂದೆತಾಯಿಯ ಜೊತೆ ಅಜ್ಜ, ಚಿಕ್ಕಮ್ಮ ಕೂಡ ಬಂದರು. ಎನ್‌ಸಿಇಎ ಬದಲಿಸುವ ಪ್ರಸ್ತಾವವನ್ನು ಸರ್ಕಾರ 2025ರಲ್ಲಿ ಪ್ರಕಟಿಸಿದೆಯಾದರೂ, ನಿಮ್ಮ ಈಗಿನ ಮಕ್ಕಳು ಅದಕ್ಕಾಗಿ ಕಾಯುವಂತಿಲ್ಲ.

ಟೋಂಗಾ ಮನೆತನಕ್ಕೆ ಮದುವೆಯಾದ ಕನ್ನಡತಿ, ಪೋಷಕಿ:
ಸಭೆಗೆ ಬಾರದವರು ಆಸಕ್ತಿಯಿಲ್ಲದವರಲ್ಲ. ನಮ್ಮ ಬೀದಿಯ ಬಹಳಷ್ಟು ಮನೆಗಳಲ್ಲಿ ಒಬ್ಬರು ರಾತ್ರಿ ಪಾಳಿ, ಇನ್ನೊಬ್ಬರು ಬೆಳಗಿನ ಶುಚಿ ಕೆಲಸ ಮಾಡುತ್ತಾರೆ. ದೊಡ್ಡ ಮಕ್ಕಳೂ ಸಂಜೆ ಸೂಪರ್‌ಮಾರ್ಕೆಟ್‌ನಲ್ಲಿ ದುಡಿದು ಬಾಡಿಗೆಗೆ ನೆರವಾಗುತ್ತಾರೆ. ಹೋಂವರ್ಕ್ ಅರ್ಧಕ್ಕೆ ನಿಲ್ಲಲು ಅದೇ ಕಾರಣವಿರಬಹುದು, ಒಮ್ಮೆ ವಿಚಾರಿಸಿ. ಸಭೆಯನ್ನು ಶನಿವಾರ ಚರ್ಚಿನ ಸಭಾಂಗಣದಲ್ಲಿ ನಡೆಸಿದರೆ ನಿಮಗೆ ಕುರ್ಚಿಗಳು ಸಾಲವು. ಮಗು ತಪ್ಪು ಮಾಡಿದಾಗ ಮಾತ್ರ ಫೋನ್ ಮಾಡುವ ಶಾಲೆಯ ಕರೆಯನ್ನು ಯಾರೂ ಎತ್ತುವುದಿಲ್ಲ. ಮೊದಲ ಕರೆ ಒಳ್ಳೆಯ ಸುದ್ದಿಯದಾಗಿರಲಿ.

ಪ್ರಾಥಮಿಕ ಶಾಲೆಯ ಶಿಕ್ಷಕರು:
ಎರಡು ಮಾತು ಮಾತ್ರ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬೇಸಿಗೆ ರಜೆಯಲ್ಲಿ ಓದುವ ಕೌಶಲದ ಗಳಿಕೆ ಕುಸಿಯುತ್ತದೆಂದು ಶಿಕ್ಷಣ ಸಂಶೋಧಕ ಸ್ಟುವರ್ಟ್ ಮೆಕ್‌ನಾಟನ್ ಅವರ ತಂಡ ಆಕ್ಲೆಂಡ್‌ನ ಶಾಲೆಗಳಲ್ಲೇ ತೋರಿಸಿದೆ. ರಜೆಗೆ ಮುನ್ನ ಗ್ರಂಥಾಲಯದ ಕಾರ್ಡ್ ಮತ್ತು ಪುಸ್ತಕಗಳನ್ನು ಕೈಗಿಡುವುದು ಅಗ್ಗದ ಉಪಾಯ. ಇಂಗ್ಲಿಷ್ ಸುಧಾರಿಸಲೆಂದು ಮನೆಮಾತನ್ನು ಬಿಡಲು ಹೇಳುವವರ ಮಾತನ್ನು ಕೇಳಬೇಡಿ. ಮನುರೇವಾದ ಫಿನ್ಲೇಸನ್ ಪಾರ್ಕ್ ಶಾಲೆಯಲ್ಲಿ ಸಮೋವನ್ ದ್ವಿಭಾಷಾ ತರಗತಿಗಳಿವೆ. ಸಾಧ್ಯವಾದರೆ ಭೇಟಿ ಕೊಡಿ.

ಮಾಂಗೆರೆಯ ಗಣಿತ ಶಿಕ್ಷಕಿ, ಮತ್ತೊಮ್ಮೆ:
‘ಪಾಸಿಫಿಕಾ’ ಎಂಬುದು ಆಡಳಿತದ ಅನುಕೂಲಕ್ಕಿರುವ ಹೆಸರು ಎಂಬುದನ್ನು ಸೇರಿಸುತ್ತೇನೆ. 2023ರ ಜನಗಣತಿಯಂತೆ ದೇಶದ ಶೇ. 8.9ರಷ್ಟು, ಅಂದರೆ 4.4 ಲಕ್ಷ ಮೀರಿದ ಜನರನ್ನು ಈ ಒಂದು ಚೀಲಕ್ಕೆ ತುಂಬಲಾಗಿದೆ. ಅವರಲ್ಲಿ ಹೆಚ್ಚಿನವರು ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲೇ, ಹಲವರಿಗೆ ಅಜ್ಜಿಯ ಭಾಷೆ ಬಾರದು. ಶಿಕ್ಷಣ ಸಚಿವಾಲಯ 2018ರಲ್ಲಿ ಶಿಕ್ಷಕರಿಗಾಗಿ ಹೊರತಂದ ‘ತಪಸಾ’ ಕೈಪಿಡಿ ನಿಮ್ಮ ಶಾಲೆಯಲ್ಲೂ ಇರಬೇಕು. ಅದನ್ನು ಓದಿ, ಬಳಿಕ ನಿಮ್ಮ ಹತ್ತನೇ ವರ್ಷದ ಮಕ್ಕಳಲ್ಲಿ ಯಾರು ಯಾವ ಗಣಿತಕ್ಕೆ ಸೇರಲಿದ್ದಾರೆಂಬ ಪಟ್ಟಿಯನ್ನು ವಿಷಯ ಆಯ್ಕೆಗೆ ಮುನ್ನವೇ ಕೇಳಿ ಪಡೆಯಿರಿ.