ಮಕ್ಕಳನ್ನು ಬಿಟ್ಟು ಇಬ್ಬರೇ ಚಾರಣಕ್ಕೆ: ಎಷ್ಟು ನಡೆಯಬೇಕು, ಎಲ್ಲಿ ತಂಗಬೇಕು?

ಪ್ರಶ್ನೆ

ಮದುವೆಯಾಗಿ ಹನ್ನೊಂದು ವರ್ಷಗಳ ಮೇಲೆ ಮೊದಲ ಬಾರಿಗೆ ನಾನು ಮತ್ತು ನನ್ನ ಪತಿ, ಒಂಬತ್ತು ಮತ್ತು ಆರು ವರ್ಷದ ನಮ್ಮ ಮಕ್ಕಳನ್ನು ಅವರ ಅಜ್ಜಿಯ ಬಳಿ ಬಿಟ್ಟು, ಮುಂದಿನ ತಿಂಗಳ ಒಂದು ವಾರಾಂತ್ಯದಲ್ಲಿ ಇಬ್ಬರೇ ಬೆಟ್ಟಕ್ಕೆ ಹೋಗಿ ಎರಡು ರಾತ್ರಿ ಟೆಂಟಿನಲ್ಲಿ ಕಳೆಯಬೇಕೆಂದು ತೀರ್ಮಾನಿಸಿದ್ದೇವೆ. ಅವರು ಮದುವೆಗೆ ಮುಂಚೆ ಸಾಕಷ್ಟು ಚಾರಣ ಮಾಡಿದವರು. ನಾನು ದಿನವೂ ನಡೆಯುತ್ತೇನಾದರೂ ಬೆನ್ನ ಮೇಲೆ ಭಾರ ಹೊತ್ತು ಏರು ಹತ್ತಿದ ಅಭ್ಯಾಸ ನನಗಿಲ್ಲ. ಅವರ ಯೋಜನೆಯಲ್ಲಿ ಶನಿವಾರ 18 ಕಿಲೋಮೀಟರ್ ನಡಿಗೆ, 900 ಮೀಟರ್ ಏರು, ಎರಡು ರಾತ್ರಿಗೆ ಎರಡು ಬೇರೆ ಬೇರೆ ತಂಗುದಾಣಗಳಿವೆ.

ನನ್ನ ಅಳುಕಿಗೆ ಕಾರಣವಿದೆ. ಹಿಂದೊಮ್ಮೆ ನಾವು ಬೆಟ್ಟ ಹತ್ತಿದಾಗ ಅವರು ಪ್ರತಿ ಸಲವೂ ಮುಂದೆ ಹೋಗಿ, ಒಂದು ಬಂಡೆಯ ಮೇಲೆ ಕುಳಿತು ನನಗಾಗಿ ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ಅಲ್ಲಿಗೆ ತಲುಪಿದೊಡನೆ ಎದ್ದು ಹೊರಡುತ್ತಿದ್ದರು. ಅವರು ಪ್ರೀತಿಯಿಂದಲೇ ಕಾದಿದ್ದರು, ಆದರೂ ಆ ಇಡೀ ದಿನ ನಾವು ಹತ್ತು ಮಾತು ಆಡಲಿಲ್ಲ. ಈ ಸಲ ಹಾಗಾಗಬಾರದು ಎಂಬುದು ನನ್ನ ಆಸೆ. ಇಂಥ ಪ್ರವಾಸವನ್ನು ಇಬ್ಬರಿಗೂ ಹಿತವಾಗುವಂತೆ ಯೋಜಿಸುವುದು ಹೇಗೆ? ಮಕ್ಕಳಿಂದ ದೂರವಿರುವಾಗ ಯಾವ ಎಚ್ಚರಿಕೆ ವಹಿಸಬೇಕು?

ಉತ್ತರ 1

ನೀವು ವರ್ಣಿಸಿದ ಆ ಬಂಡೆಯ ಮೇಲೆ ನಾನೂ ಕುಳಿತಿದ್ದೇನೆ, ಆದ್ದರಿಂದ ನಿಮ್ಮ ಪತಿಯ ಕಡೆಯಿಂದ ಹೇಳುತ್ತೇನೆ. ನೀವು ತಲುಪುವಷ್ಟರಲ್ಲಿ ಅವರ ವಿಶ್ರಾಂತಿ ಮುಗಿದಿರುತ್ತದೆ, ನಿಮ್ಮದು ಇನ್ನೂ ಶುರುವಾಗಿರುವುದಿಲ್ಲ. ನನ್ನ ಹೆಂಡತಿ ಇದನ್ನು ಬಿಡಿಸಿ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಅಂದಿನಿಂದ ಅವಳು ಮುಂದೆ, ನಾನು ಹಿಂದೆ. ಏರಿನಲ್ಲಿಯೂ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವ ವೇಗವೇ ನಮ್ಮ ವೇಗ.

ಇನ್ನು ಲೆಕ್ಕದ ವಿಷಯ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಬೆಟ್ಟ ಹತ್ತುವವರು ಇಂದಿಗೂ ಬಳಸುತ್ತಾರೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಂತೆ ನಿಮ್ಮ ಶನಿವಾರದ ನಡಿಗೆ ಐದು ಗಂಟೆ ದಾಟುತ್ತದೆ. ಆದರೆ ಅದು ಗಟ್ಟಿಮುಟ್ಟಾದವರು ಎಲ್ಲಿಯೂ ನಿಲ್ಲದೆ ನಡೆದಾಗಿನ ಸಮಯ. ಭಾರ ಹೊತ್ತು, ಊಟಕ್ಕೆ ಕುಳಿತು, ದಾರಿಯನ್ನು ಖಚಿತಪಡಿಸಿಕೊಳ್ಳುತ್ತಾ ಸಾಗುವವರಿಗೆ ಏಳೆಂಟು ಗಂಟೆ ಬೇಕಾಗುತ್ತದೆ, ಮತ್ತು ಅಷ್ಟು ದಣಿದ ಕೈಗಳಿಂದ ಕತ್ತಲಿಳಿಯುವ ಹೊತ್ತಿಗೆ ಹೊಸ ಜಾಗದಲ್ಲಿ ಟೆಂಟ್ ಹೂಡುವ ಗಂಡ ಹೆಂಡತಿಯ ನಡುವೆ ಒಳ್ಳೆಯ ಮಾತು ಹುಟ್ಟುವುದು ಕಷ್ಟ.

ಆದ್ದರಿಂದ ಎರಡೂ ರಾತ್ರಿ ಒಂದೇ ಕಡೆ ತಂಗಿ. ಶುಕ್ರವಾರ ಸಂಜೆ ಬೆಳಕಿರುವಾಗಲೇ ಟೆಂಟ್ ಹೂಡಿ, ಶನಿವಾರ ನೀರು, ಊಟ, ಮಳೆಯಂಗಿ, ಬೆಚ್ಚನೆಯ ಒಂದು ಅಂಗಿ, ಪ್ರಥಮ ಚಿಕಿತ್ಸೆಯ ಪೊಟ್ಟಣ ಮತ್ತು ಟಾರ್ಚ್ ಇಷ್ಟನ್ನೇ ಹೊತ್ತು 10–12 ಕಿಲೋಮೀಟರ್ ಸುತ್ತಿ ಬನ್ನಿ. ಟೆಂಟಿನ ತನಕ ಹೊರುವ ಭಾರವನ್ನು ಸಮನಾಗಿ ಹಂಚಿಕೊಳ್ಳಬೇಕಾಗಿಲ್ಲ. ಚೀಲವು ಅವರವರ ದೇಹದ ತೂಕದ ಐದನೇ ಒಂದು ಭಾಗವನ್ನು ಮೀರದಿರಲಿ, ನಿಮ್ಮದು ಇನ್ನೂ ಹಗುರವಾಗಿದ್ದರೆ ಒಳ್ಳೆಯದು.

ಉತ್ತರ 2

ನಡಿಗೆಯ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ರಾತ್ರಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನಮ್ಮ ಮೊದಲ ಪ್ರವಾಸ ಕೆಟ್ಟಿದ್ದು ಅಲ್ಲಿ. ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ಕೊಂಡಿದ್ದೆವು, ಕೆಳಗೆ ಹಾಸಲು ಮಾತ್ರ ತೆಳುವಾದ ಒಂದು ಚಾಪೆ ಒಯ್ದಿದ್ದೆವು. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಅಡಿಭಾಗ ಅದುಮಿಹೋಗಿ, ಅದರೊಳಗೆ ಶಾಖವನ್ನು ಹಿಡಿದಿಡಬೇಕಾದ ಗಾಳಿಗೆ ಜಾಗವಿಲ್ಲದಂತಾಗುತ್ತದೆ. ಆಗ ತಣ್ಣಗಿನ ನೆಲ ಬೆನ್ನಿನ ಕಾವನ್ನೆಲ್ಲ ಹೀರಿಕೊಳ್ಳುತ್ತದೆ. ಹಾಗಾಗಿ ಹಣ ಹೊಂದಿಸುವುದು ಕಷ್ಟವಾದರೆ ಮೊದಲು ಒಳ್ಳೆಯ ಮ್ಯಾಟ್ ಕೊಳ್ಳಿ, ಹೊದಿಕೆಯ ಮಾತು ಆಮೇಲೆ. ಜಾಗವನ್ನು ಆರಿಸುವಾಗ ಕಣಿವೆಯ ತಳ ಬೇಡ. ನಿರಭ್ರ ರಾತ್ರಿಯಲ್ಲಿ ತಣ್ಣನೆಯ ಗಾಳಿ ಇಳಿದು ಅಲ್ಲಿಯೇ ತಂಗುತ್ತದೆ. ತೊರೆಯ ದಡದಿಂದ ಕನಿಷ್ಠ 60 ಮೀಟರ್ ದೂರವಿರಿ, ಒಣಗಿದ ಕೊಂಬೆಗಳ ಮರದ ಕೆಳಗಂತೂ ಮಲಗಲೇಬೇಡಿ. ಬೆಟ್ಟದ ಮೇಲೆ ಪ್ರತಿ 1000 ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚುತ್ತದೆಂಬುದನ್ನು ಬಟ್ಟೆ ಜೋಡಿಸುವಾಗ ನೆನಪಿಡಿ.

ಮಕ್ಕಳ ವಿಷಯ. ಮೊದಲ ರಾತ್ರಿ ನಡುನಿದ್ದೆಯಲ್ಲಿ ನನ್ನ ಕೈ ತಾನಾಗಿಯೇ ಪಕ್ಕಕ್ಕೆ ಚಾಚಿ, ಮಗಳು ಒದ್ದುಕೊಂಡ ಹೊದಿಕೆಯನ್ನು ಹುಡುಕಿತು. ಕೈಗೆ ಸಿಕ್ಕಿದ್ದು ಟೆಂಟಿನ ಒದ್ದೆ ಬಟ್ಟೆ. ಬಹಳ ಹೊತ್ತು ನಿದ್ದೆ ಬರಲಿಲ್ಲ; ಇವರೂ ಎಚ್ಚರವಾಗಿಯೇ ಇದ್ದರು, ಮತ್ತು ಅಂದು ನಾವು ಬಹುಕಾಲದ ಮೇಲೆ ಯಾರನ್ನೂ ಎಬ್ಬಿಸುವ ಭಯವಿಲ್ಲದೆ ಮಾತಾಡಿದೆವು. ನಿಮಗೂ ಹೀಗೆ ಆದೀತು, ಅದಕ್ಕೆ ಅಪರಾಧಿ ಭಾವ ಪಡಬೇಡಿ. ಸಂಜೆ ಫೋನ್ ಮಾಡುತ್ತೇವೆಂದು ಮಕ್ಕಳಿಗೆ ಮಾತು ಕೊಡುವ ಮೊದಲು ಅಲ್ಲಿ ಸಿಗ್ನಲ್ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಭಾನುವಾರ ಇಂಥ ಹೊತ್ತಿಗೆ ಬರುತ್ತೇವೆ ಎಂದಷ್ಟೇ ಹೇಳಿ ಹೊರಡಿ. ಬಾರದ ಕರೆಗಾಗಿ ಮಗು ಕಾಯುವಂತಾಗಬಾರದು.

ಉತ್ತರ 3

ತಂದೆ ತಾಯಿ ಇಬ್ಬರೂ ಒಂದೇ ಅಪಾಯದಲ್ಲಿ ಸಿಲುಕಬಹುದಾದ ಸಂದರ್ಭ ಇದೆಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. ಹೆದರಿಸಲು ಹೇಳುತ್ತಿಲ್ಲ, ಇದಕ್ಕೆ ಸುಲಭವಾದ ಉಪಾಯವಿದೆ. ನಡೆಯುವ ದಾರಿ, ತಂಗುವ ಜಾಗ, ಗಾಡಿ ನಿಲ್ಲಿಸುವ ಸ್ಥಳ, ಹಿಂದಿರುಗುವ ಸಮಯ, ಇವನ್ನು ಒಂದು ಹಾಳೆಯಲ್ಲಿ ಬರೆದು ಮಕ್ಕಳ ಅಜ್ಜಿಯ ಕೈಗೆ ಕೊಡಿ. ಅದರ ಕೊನೆಯಲ್ಲಿ, ಇಂಥ ಗಂಟೆಯವರೆಗೂ ನಮ್ಮಿಂದ ಸುದ್ದಿ ಬಾರದಿದ್ದರೆ ಈ ಸಂಖ್ಯೆಗೆ ಕರೆಮಾಡಿ ಸಹಾಯ ಕೇಳಿ ಎಂದು ಸ್ಪಷ್ಟವಾಗಿ ಬರೆಯಿರಿ. ಗಂಟೆ ನಮೂದಿಸದಿದ್ದರೆ ಮನೆಯಲ್ಲಿರುವವರು ಇನ್ನೂ ಸ್ವಲ್ಪ ಕಾಯೋಣ ಎನ್ನುತ್ತಲೇ ಇರುತ್ತಾರೆ. ಆಮೇಲೆ ದಾರಿ ಬದಲಿಸಬೇಡಿ.

ಅನುಭವವಿರುವ ಒಬ್ಬರ ಬಳಿಯೇ ನಕಾಶೆ, ಔಷಧ, ಟಾರ್ಚ್ ಎಲ್ಲವೂ ಇದ್ದರೆ, ಕಾಲು ಉಳುಕುವುದು ಅವರದ್ದೇ ಆದಾಗ ಇನ್ನೊಬ್ಬರು ಏನು ಮಾಡಬೇಕು? ಆದ್ದರಿಂದ ನಿಮ್ಮಿಬ್ಬರ ಬಳಿಯೂ ಟಾರ್ಚ್ ಮತ್ತು ಸೀಟಿ ಇರಲಿ, ಇಬ್ಬರಿಗೂ ನಕಾಶೆ ನೋಡಲು ಬರಲಿ, ಸ್ಟೌ ಹೊತ್ತಿಸಲು ಬರಲಿ. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತಗಳಲ್ಲಿ ಸಹಾಯ ಕೇಳುವ ಸಂಕೇತ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ ಎಂದರ್ಥ, ತಕ್ಷಣ ಶಿಖರದಿಂದ ಇಳಿಯಿರಿ. ಚಳಿ ಎಷ್ಟೇ ಇರಲಿ, ಮಳೆ ಎಷ್ಟೇ ಬರಲಿ, ಸ್ಟೌ ಆಗಲಿ ಕೆಂಡವಾಗಲಿ ಟೆಂಟಿನೊಳಗೆ ಬೇಡ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನನ್ನ ಪತಿಗೆ ಓದಲು ಕೊಟ್ಟೆ. ಬಂಡೆಯ ವಿಷಯ ಓದಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನೀನು ಅಂದೇ ಏಕೆ ಹೇಳಲಿಲ್ಲ ಎಂದು ಕೇಳಿದರು. ನನಗೂ ಉತ್ತರ ತಿಳಿಯಲಿಲ್ಲ. ಶನಿವಾರದ ನಡಿಗೆಯನ್ನು ಈಗ 11 ಕಿಲೋಮೀಟರಿಗೆ ಇಳಿಸಿ ಎರಡೂ ರಾತ್ರಿ ಒಂದೇ ಜಾಗದಲ್ಲಿ ತಂಗುವುದೆಂದು ಗೊತ್ತುಮಾಡಿದ್ದೇವೆ. ಅಜ್ಜಿಗೆ ಕೊಡುವ ಹಾಳೆಯಲ್ಲಿ ಭಾನುವಾರ ರಾತ್ರಿ ಎಂಟು ಗಂಟೆ ಎಂದು ನಾನೇ ಬರೆದೆ. ಈ ವಾರ ಮನೆಯ ಅಂಗಳದಲ್ಲಿ ಒಮ್ಮೆ ಟೆಂಟನ್ನು ನಾನೊಬ್ಬಳೇ ಹೂಡಿ ನೋಡಬೇಕೆಂದಿದ್ದೇನೆ. ಅಂದು ರಾತ್ರಿ ನಾಲ್ವರೂ ಅದರಲ್ಲಿಯೇ ಮಲಗಬೇಕೆಂದು ಮಕ್ಕಳು ಈಗಾಗಲೇ ಹಟ ಹಿಡಿದಿದ್ದಾರೆ.